ಮೇಜಿನ ಮೇಲೆ ಉಳಿಯದ ಪುಸ್ತಕಗಳು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದು ಇಡೀ ಲೈಬ್ರರಿಗೆ ಗೊತ್ತಿರುವ ಸಂಗತಿ. ಪುಸ್ತಕ ಕೊಡುವ, ವಾಪಸ್ ತೆಗೆದುಕೊಳ್ಳುವ ಕೌಂಟರಿನಲ್ಲಿ ಹತ್ತೊಂಬತ್ತು ವರ್ಷ ಕೂತವಳಿಗೆ ಸಿಟ್ಟು ಬರದೆ ಇನ್ನಾರಿಗೆ ಬರಬೇಕು ಹೇಳಿ? ಪುಟದ ಮೂಲೆ ಮಡಚಿದವರಿಗೆ ಬೈದಿದ್ದೇನೆ. ಪುಸ್ತಕದೊಳಗೆ ಬಾಚಣಿಗೆ ಮರೆತುಹೋದವರಿಗೆ ಬೈದಿದ್ದೇನೆ. ಒಮ್ಮೆ ದೊಡ್ಡ ಅಧಿಕಾರಿಯೊಬ್ಬರಿಗೆ ಯಾರೆಂದು ತಿಳಿಯದೆ ಬೈದು, ತಿಳಿದ ಮೇಲೂ ಆಡಿದ ಮಾತನ್ನು ಹಿಂದೆ ತೆಗೆದುಕೊಂಡಿಲ್ಲ. ಸ್ಕೇಲಕ್ಕನಿಗೆ ಮಾತ್ರ ಬೈದದ್ದು ಒಂದೇ ಸಲ. ಅದನ್ನು ನೆನೆದರೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ಸ್ಕೇಲಕ್ಕ ಎಂದು ಅವಳನ್ನು ಮೊದಲು ಕರೆದವಳು ನಾನೇ. ಅವಳು ಜೋಡಿಸಿದ ಪುಸ್ತಕಗಳ ಸಾಲಿಗೆ ಸ್ಕೇಲು ಹಿಡಿದರೆ ಒಂದು ಪುಸ್ತಕವೂ ಕೂದಲೆಳೆಯಷ್ಟು ಹಿಂದೆ ಮುಂದೆ ಇರುತ್ತಿರಲಿಲ್ಲ. ಇಪ್ಪತ್ತಾರು ವರ್ಷದ ಹಿಂದೆ ಅವಳು ಬಂದದ್ದು ಕಸ ಗುಡಿಸಲು. ಗುಡಿಸುತ್ತ ಗುಡಿಸುತ್ತಲೇ ಪುಸ್ತಕದ ಬೆನ್ನಿಗೆ ಅಂಟಿಸಿದ ಚೀಟಿಗಳನ್ನು ನೋಡಿ, ಯಾವ ನಂಬರಿನ ಪಕ್ಕ ಯಾವ ನಂಬರು, ನಂಬರು ಒಂದೇ ಆಗಿದ್ದರೆ ಬರೆದವರ ಹೆಸರಿನ ಮೊದಲ ಮೂರಕ್ಷರದಲ್ಲಿ ಯಾವುದು ಮುಂದೆ ಯಾವುದು ಹಿಂದೆ ಎಂಬುದನ್ನೆಲ್ಲ ತಾನಾಗಿಯೇ ಕಲಿತಳು. ನಾಲ್ಕನೇ ವರ್ಷ ಆಗಿನ ಮುಖ್ಯಸ್ಥರು ಅವಳ ಕೈಯಿಂದ ಪೊರಕೆ ಬಿಡಿಸಿ ಪುಸ್ತಕ ಜೋಡಿಸುವ ಕೆಲಸಕ್ಕೆ ಹಾಕಿದರು. ಆ ಕೆಲಸದ ಅರ್ಜಿಯಲ್ಲಿ ‘ಓದು ಬರಹ ಬಲ್ಲವರಾಗಿರಬೇಕು’ ಎಂದಿತ್ತು. ಅಕ್ಕ ಸಹಿ ಹಾಕಿದಳು. ಮುಖ್ಯಸ್ಥರು ಹೇಳಿದ್ದು ಒಂದೇ ಮಾತು: “ನೋಡಮ್ಮ, ಮೇಜಿನ ಮೇಲೆ ಒಂದು ಪುಸ್ತಕವೂ ಬಿದ್ದಿರಬಾರದು.” ಅವರು ನಿವೃತ್ತರಾಗಿ ಹೋದರು, ಅವರ ಮಾತು ಮಾತ್ರ ಅಕ್ಕನ ಕೈಯಲ್ಲೇ ಉಳಿಯಿತು.

ಅವಳ ಪಾಲಿಗೆ ಬಂದದ್ದು ಹಿಂದಿನ ಕೋಣೆ. ಎರಡು ಉದ್ದ ಮೇಜು, ಹನ್ನೊಂದು ಕುರ್ಚಿ, ಎತ್ತರದ ಒಂದು ಕಿಟಕಿ. ಮೋಟಾರು ರಿಪೇರಿ, ಹೊಲಿಗೆ, ಕಾನೂನು, ಆರೋಗ್ಯ ಇಂಥ ಪುಸ್ತಕಗಳು, ಜೊತೆಗೆ ಒಂದು ಗೋಡೆಯಿಡೀ ದಪ್ಪ ದಪ್ಪ ನಿಘಂಟುಗಳು. ಆ ಕೋಣೆಗೆ ಪಕ್ಕದ ಓಣಿಯಿಂದಲೇ ಬಾಗಿಲಿರುವುದರಿಂದ ಅಲ್ಲಿಗೆ ಯಾರು ಬರುತ್ತಾರೆ, ಯಾರು ಹೋಗುತ್ತಾರೆ ಎಂಬುದು ಕೌಂಟರಿನಲ್ಲಿ ಕೂತ ನನಗೆ ಕಾಣುತ್ತಿರಲಿಲ್ಲ. ಮಧ್ಯಾಹ್ನ ಒಂದಕ್ಕೆ ಊಟಕ್ಕೆಂದು ಲೈಬ್ರರಿ ಮುಚ್ಚಿದಾಗ ಇಬ್ಬರೂ ಅಲ್ಲೇ ಮೂಲೆಯಲ್ಲಿ ಕೂತು ಊಟದ ಡಬ್ಬಿ ಬಿಚ್ಚುತ್ತಿದ್ದೆವು. ನಾನು ಊರಿನ ಮೇಲೆಲ್ಲ ಹರಿಹಾಯುವುದು, ಅವಳು ಕೇಳುತ್ತ ನಗುವುದು. ಅವಳು ಹೇಳುತ್ತಿದ್ದದ್ದೆಲ್ಲ ಭಾವನ ಸುದ್ದಿ. ಅವಳ ಗಂಡ ಬಸ್ ಡಿಪೋದಲ್ಲಿ ಟೈಮ್‌ಕೀಪರ್ ಆಗಿದ್ದವರು, ನನಗೆ ಭಾವ. “ನಿಮ್ಮ ಭಾವ ನಿನ್ನೆ ಮತ್ತೆ ಬಾಗಿಲ ಚೌಕಟ್ಟಿಗೆ ಭುಜ ಹೊಡ್ಕೊಂಡ್ರು ಕಣೇ. ಬಲ್ಬಿನ ಸುತ್ತ ಬಣ್ಣದ ಬಳೆ ಕಾಣ್ಸತ್ತಂತೆ!” ಎಂದು ಒಂದು ದಿನ ಹೇಳಿದ್ದಳು. “ಬಳೆ ಕಂಡ್ರೆ ತಂದು ಹೆಂಡ್ತಿ ಕೈಗೆ ಹಾಕೋಕೆ ಹೇಳು” ಎಂದೆ ನಾನು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅದಾಗಿ ಐದಾರು ವರ್ಷವಾಗಿರಬೇಕು. ಕಳೆದ ವರ್ಷ ಭಾವನ ಎರಡೂ ಕಣ್ಣು ಹೋದವು. ಈಗ ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂಬುದಷ್ಟೇ ತಿಳಿಯುತ್ತದೆ.

ಅದೇ ವರ್ಷ ನಮಗೆ ಹೊಸ ಮೇಡಂ ಬಂದರು. ನನ್ನ ಮಗಳ ವಯಸ್ಸು. ಲೆಕ್ಕವಿಲ್ಲದೆ ಒಂದು ಕುರ್ಚಿಯನ್ನೂ ಆ ಕಡೆಯಿಂದ ಈ ಕಡೆಗೆ ಸರಿಸುವವರಲ್ಲ. ಯಾವ ಪುಸ್ತಕ ಎಷ್ಟು ಸಲ ಹೊರಗೆ ಹೋಯಿತು, ಯಾವ ಗಂಟೆಗೆ ಎಷ್ಟು ಜನ ಬಂದರು, ಎಲ್ಲವೂ ಅವರ ಕಂಪ್ಯೂಟರಿನಲ್ಲಿ ಬಣ್ಣಬಣ್ಣದ ಕಂಬಗಳಾಗಿ ನಿಂತಿರುತ್ತಿತ್ತು. ಮೊದಮೊದಲು ನನಗೆ ಮೈ ಉರಿಯುತ್ತಿತ್ತು. ಸಂಜೆ ಐದರ ನಂತರ ಬರುವವರೇ ಹೆಚ್ಚು ಎಂದು ಲೆಕ್ಕ ತೋರಿಸಿ, ಬಾಗಿಲು ಮುಚ್ಚುವ ಹೊತ್ತನ್ನು ಏಳಕ್ಕೆ ತಳ್ಳಿದಾಗ ಆಫೀಸು ಮುಗಿಸಿ ಬರುವ ಹೆಂಗಸರ ಸಾಲು ನೋಡಿ ಬಾಯಿ ಮುಚ್ಚಿಕೊಂಡೆ.

ಒಂದು ದಿನ ಕರೆದು ಕೇಳಿದರು. “ಮನೆಗೆ ತಗೊಂಡು ಹೋಗೋ ಪುಸ್ತಕದ ಲೆಕ್ಕ ನಮ್ಮ ಹತ್ರ ಇದೆ. ಇಲ್ಲೇ ಕೂತು ಓದಿ, ಇಲ್ಲೇ ಬಿಟ್ಟು ಹೋಗ್ತಾರಲ್ಲ, ಆ ಲೆಕ್ಕ ಎಲ್ಲಿದೆ?”

“ನಿಜವಾಗಿ ಬೇಕಾದವರು ಮನೆಗೆ ತಗೊಂಡು ಹೋಗ್ತಾರೆ ಮೇಡಂ. ಬೇಡದವರು ಫ್ಯಾನಿನ ಕೆಳಗೆ ಕೂತ್ಕೋತಾರೆ, ಅಷ್ಟೇ” ಎಂದೆ. ಎಷ್ಟು ಗತ್ತಿನಿಂದ ಹೇಳಿದೆ ಗೊತ್ತೇ!

ಮೇಡಂ ನಕ್ಕರು, ಒಪ್ಪಲಿಲ್ಲ. ಆರು ವಾರ ಎಣಿಕೆ ಎಂದರು. ಓದುಗರು ಓದಿದ ಪುಸ್ತಕವನ್ನು ಮೇಜಿನ ಮೇಲೆಯೇ ಬಿಡಬೇಕು. ಸಂಜೆ ನಾಲ್ಕಕ್ಕೆ ಮತ್ತು ಏಳಕ್ಕೆ ನಾನು ಹಾಳೆ ಹಿಡಿದು ಪ್ರತಿ ಕೋಣೆಗೂ ಹೋಗಿ, ಮೇಜಿನ ಮೇಲಿರುವ ಪುಸ್ತಕಗಳ ನಂಬರು ನೋಡಿ ಒಂದೊಂದಕ್ಕೂ ಒಂದು ಗೀಟು ಎಳೆಯಬೇಕು. ಅಲ್ಲಿಯವರೆಗೆ ಸಿಬ್ಬಂದಿ ಯಾರೂ ಪುಸ್ತಕ ಎತ್ತಿಡಬಾರದು. ಹೀಗೆಂದು ಒಂದು ಸುತ್ತೋಲೆ ಹೊರಡಿಸಿದರು. ಅದನ್ನು ಬರೆದು, ಎಲ್ಲರಿಗೂ ಹಂಚಿ ಸಹಿ ತೆಗೆದುಕೊಂಡವಳು ನಾನು. ಸ್ಕೇಲಕ್ಕ ಸಹಿ ಹಾಕಿ, ತನ್ನ ಪ್ರತಿಯನ್ನು ನಾಲ್ಕಾಗಿ ಮಡಚಿ ಬ್ಯಾಗಿನಲ್ಲಿಟ್ಟುಕೊಂಡಳು.

ಆರು ವಾರ ಎಣಿಸಿದೆ. ದೊಡ್ಡ ಹಾಲಿನಲ್ಲಿ ಗೀಟು ಎಳೆದೆಳೆದು ಬೆರಳು ನೋಯುತ್ತಿತ್ತು. ಹಿಂದಿನ ಕೋಣೆಗೆ ಹೋದರೆ ಎರಡೂ ಮೇಜು ಖಾಲಿ, ಒರೆಸಿಟ್ಟ ಹಾಗೆ. ನಿಜ ಹೇಳುತ್ತೇನೆ, ಅಷ್ಟು ಕೆಲಸ ಕಡಿಮೆಯಾಯಿತಲ್ಲ ಎಂದು ಖುಷಿಯೇ ಆಗುತ್ತಿತ್ತು. ಎಲ್ಲ ಸುತ್ತೋಲೆಯಲ್ಲೇ ಇದೆಯಲ್ಲ ಎಂದು ಅಕ್ಕನಿಗೆ ಬಾಯಲ್ಲಿ ಏನೂ ಹೇಳಿರಲಿಲ್ಲ. ಆರು ವಾರಕ್ಕೆ ಆ ಕೋಣೆಯ ಲೆಕ್ಕ ಹದಿನಾಲ್ಕು ಪುಸ್ತಕ.

ಮೇಡಂ ಎಲ್ಲರನ್ನೂ ಕೂರಿಸಿಕೊಂಡು ಹೇಳಿದರು. ಹಿಂದಿನ ಕೋಣೆಯನ್ನು ಈ ತಿಂಗಳ ಕೊನೆಗೆ ಮುಚ್ಚುವುದು, ಮುನ್ನೂರು ಪುಸ್ತಕ ಉಳಿಸಿಕೊಂಡು ಮಿಕ್ಕದ್ದನ್ನು ತೆಗೆದುಹಾಕುವುದು, ಅಲ್ಲಿ ಕಂಪ್ಯೂಟರ್ ಇಡುವುದು. ತಪ್ಪೆನ್ನಲು ನನಗೇನೂ ಕಾಣಲಿಲ್ಲ. ಲೆಕ್ಕ ಎದುರಿಗೇ ಇತ್ತು, ಗೀಟು ಎಳೆದದ್ದೂ ನಾನೇ. ಸ್ಕೇಲಕ್ಕ ಎದ್ದು ಹೋಗುವಾಗ ಮೇಡಂ ಮೇಜಿನ ಮೇಲಿದ್ದ ಹಾಳೆಗಳ ಅಂಚನ್ನು ಸರಿಮಾಡಿ ಹೋದಳು.

ಮರುದಿನ ಬೆಳಗ್ಗೆ ಕೌಂಟರಿಗೆ ಒಬ್ಬ ಬಂದ. ಉಗುರಿನ ಸಂದಿಯಲ್ಲೆಲ್ಲ ಗ್ರೀಸು. ಮೋಟಾರು ರಿಪೇರಿಯವನು.

“ಹಿಂದಿನ ರೂಮು ಮುಚ್ತೀರಂತೆ. ಓಣಿ ಬಾಗಿಲಲ್ಲಿ ನೋಟೀಸು ಅಂಟಿಸಿದೀರಿ.”

“ಹೌದಪ್ಪ. ಯಾರೂ ಬರಲ್ಲ. ಇಟ್ಕೊಂಡು ಏನ್ ಮಾಡೋದು?”

“ನಾನು ಯಾರೂ ಅಲ್ವಾ ಮೇಡಂ?” ಅವನ ಧ್ವನಿ ಏರಿತು. “ದಿನಾ ಹನ್ನೊಂದು ಗಂಟೆಗೆ ಬರ್ತೀನಿ. ತಂತಿ ಸುತ್ತೋ ವೈಂಡಿಂಗ್ ಪುಸ್ತಕ ತೆಗೀತೀನಿ, ಚಿತ್ರ ಬರ್ಕೊಂಡು ಹೋಗ್ತೀನಿ. ನಿನ್ನೆ ಎಂಟು ಜನ ಇದ್ವಿ ಅಲ್ಲಿ.”

“ಮನೆಗೆ ತಗೊಂಡು ಹೋಗ್ಬಹುದಲ್ಲ, ಕಾರ್ಡ್ ಮಾಡಿಸ್ಕೊಂಡು?”

“ವಿಳಾಸಕ್ಕೆ ಕಾಗದ ಕೇಳ್ತೀರಿ. ನಾನಿರೋದು ಗ್ಯಾರೇಜಿನ ಅಟ್ಟದ ಮೇಲೆ. ಯಾವ ಕಾಗದ ತರ್ಲಿ?”

“ಹಾಗಾದ್ರೆ ಓದಿದ್ಮೇಲೆ ಪುಸ್ತಕ ಮೇಜಿನ ಮೇಲೆ ಬಿಡಬೇಕು ಅಂತ ಬೋರ್ಡ್ ಹಾಕಿದೀವಲ್ಲ, ಯಾಕ್ ಬಿಡಲ್ಲ?” ನಾನೂ ಬಿಡುವವಳಲ್ಲ.

“ಅಯ್ಯೋ, ಬಿಡ್ತೀವಿ! ನಾವು ಎದ್ದು ಬಾಗಿಲು ತಲುಪೋ ಅಷ್ಟರಲ್ಲಿ ಆ ಅಕ್ಕ ಎತ್ತಿಟ್ಟಿರ್ತಾರೆ.”

ನನಗೆ ಸಿಟ್ಟು ಬಂತು ನೋಡಿ, ಮಧ್ಯಾಹ್ನ ಒಂದರವರೆಗೆ ಹೇಗೆ ತಡೆದುಕೊಂಡೆನೋ ಗೊತ್ತಿಲ್ಲ. ಡಬ್ಬಿ ಬಿಚ್ಚುವ ಮೊದಲೇ ಶುರುಮಾಡಿದೆ.

“ಏನಕ್ಕಾ ನೀನು! ಎತ್ತಿಡಬೇಡಿ ಅಂತ ಅಷ್ಟು ದೊಡ್ಡದಾಗಿ ಬರ್ದು ಕೊಟ್ರೆ, ಸಹಿ ಬೇರೆ ಹಾಕಿ, ಆರು ವಾರ ದಿನಾ ಎತ್ತಿಟ್ಟಿದೀಯಲ್ಲ! ತಲೆ ನೆಟ್ಟಗಿದ್ಯಾ? ನಿನ್ನ ಕೋಣೆಗೆ ನೀನೇ ಬೀಗ ಜಡಿದ್ಯಲ್ಲ!”

“ಯಾವ ಕಾಗದ?” ಎಂದಳು.

“ಯಾವ ಕಾಗದವಾ? ನಾನೇ ಕೈಗೆ ಕೊಟ್ಟಿದ್ದೀನಿ!”

ಅವಳು ಬ್ಯಾಗು ತೆಗೆದು ನನ್ನ ಮುಂದೆ ಇಟ್ಟಳು. ಒಳಗಿನ ಜೇಬಿನಲ್ಲಿ ಅದೊಂದೇ ಅಲ್ಲ, ಒಂದು ವರ್ಷದ ಸುತ್ತೋಲೆಗಳಿದ್ದವು. ಎಲ್ಲವೂ ನಾಲ್ಕಾಗಿ ಮಡಚಿದವು, ಅಂಚಿಗೆ ಅಂಚು ಕೂಡಿಸಿ. ಒಂದನ್ನೂ ಬಿಚ್ಚಿದ ಗುರುತಿರಲಿಲ್ಲ.

“ಓದದೆ ಸಹಿ ಹಾಕ್ತೀಯಾ? ಅಷ್ಟು ಸೋಮಾರಿತನಾನಾ?” ಎಂದೆ. ಈ ನಾಲಿಗೆ ಅಲ್ಲಿಗಾದರೂ ನಿಲ್ಲಬಾರದಿತ್ತೇ! “ಕುರುಡಿ ಹಾಗೆ ಸಹಿ ಹಾಕೋದು” ಎಂದೂ ಅಂದೆ. ಮನೆಯಲ್ಲಿ ಭಾವ ಹಾಗೆ ಕೂತಿರುವಾಗ ಆ ಮಾತು.

ಅವಳು ಅಳಲಿಲ್ಲ. ಕಾಗದಗಳನ್ನು ಒಂದರ ಮೇಲೊಂದು ಜೋಡಿಸುತ್ತ ಮೆಲ್ಲಗೆ ಹೇಳಿದಳು. “ನಂಗೆ ಓದೋಕೆ ಬರಲ್ಲ ಕಣೇ. ಅಕ್ಷರ ಒಂದೊಂದೂ ಗೊತ್ತು. ಮೂರು ಅಕ್ಷರ ಹಿಂದೆ ಮುಂದೆ ಮಾಡಿ ಇಡೋಕೆ ಗೊತ್ತು. ಸೇರಿಸಿ ಮಾತು ಮಾಡೋಕೆ ಬರಲ್ಲ. ಇಷ್ಟು ವರ್ಷ ಕಾಗದ ಕೊಟ್ರೆ ಮನೆಗೆ ತಗೊಂಡು ಹೋಗ್ತಿದ್ದೆ, ನಿಮ್ಮ ಭಾವ ಓದಿ ಹೇಳೋರು. ಈಗ ಅವರ ಮುಂದೆ ಕಾಗದ ಹಿಡಿದ್ರೆ ಅವರ ಮುಖ ನೋಡೋಕಾಗಲ್ಲ.”

ಹತ್ತೊಂಬತ್ತು ವರ್ಷ ಎದುರುಬದುರು ಕೂತು ಉಂಡಿದ್ದೇನೆ. ‘ಕನ್ನಡಕ ಮರೆತೆ, ಇದೇನು ಅಂತ ಹೇಳೇ’ ಎಂದಾಗಲೆಲ್ಲ ಹೇಳಿದ್ದೇನೆ. ಅವಳು ಒಂದು ಪುಸ್ತಕವನ್ನೂ ತೆರೆದು ನೋಡಿದ್ದನ್ನು ಕಂಡಿರಲಿಲ್ಲ, ಕೆಲಸದ ಮೇಲಿನ ನಿಷ್ಠೆ ಎಂದುಕೊಂಡಿದ್ದೆ. ಯಾರಾದರೂ ‘ಏನಿದೆ ಅದರಲ್ಲಿ’ ಎಂದು ಕೇಳಿಬಿಟ್ಟರೆ ಎಂಬ ಹೆದರಿಕೆ ಅದು. ನನಗೆ ಅವಳ ಮೇಲೆ ಬಂದಿದ್ದ ಸಿಟ್ಟೆಲ್ಲ ತಿರುಗಿ ನನ್ನ ಮೇಲೇ ಬಂತು.

“ಮರೆತೆ ಅಂತ ಹೇಳಿಬಿಡೋಣ ಅಕ್ಕ, ನಾನೂ ಹೂಂ ಅಂತೀನಿ” ಎಂದೆ. “ನಿಜ ಹೇಳಿದ್ರೆ ಆ ಹಳೇ ಅರ್ಜಿ ತೆಗೀತಾರೆ. ರಿಟೈರಾಗೋಕೆ ಎರಡು ವರ್ಷ ಉಳಿದಿದೆ ನಿಂದು. ಮತ್ತೆ ಪೊರಕೆ ಕೈಗೆ ಕೊಟ್ರೆ?”

“ಒಂದು ದಿನ ಮರೀಬಹುದು. ಆರು ವಾರ ಮರೆತೆ ಅಂದ್ರೆ ಯಾರು ನಂಬ್ತಾರೆ? ರೂಮು ಉಳಿಸೋಕೆ ಸುಳ್ಳು ಹೇಳ್ತಿದಾರೆ ಅಂತ ಪಕ್ಕಕ್ಕಿಡ್ತಾರೆ, ಕೋಣೆ ಹೋಗತ್ತೆ” ಎಂದಳು. ಡಬ್ಬಿ ಬಿಚ್ಚದೆ ಎದ್ದಳು.

ನಾನು ಹಿಂದಿನಿಂದ ಓಡಿದೆ. ಅವಳು ಮೇಡಂ ಮುಂದೆ ನಿಂತು, ಒಂದೇ ಉಸಿರಿನಲ್ಲಿ ಹೇಳಿದಳು. “ಮೇಡಂ, ನಂಗೆ ಓದೋಕೆ ಬರಲ್ಲ. ಬರತ್ತೆ ಅಂತ ಅರ್ಜಿಗೆ ಸಹಿ ಹಾಕಿದ್ದೆ. ನಿಮ್ಮ ಕಾಗದ ಓದಿಲ್ಲ. ಜನ ಮೇಜಿನ ಮೇಲೆ ಬಿಟ್ಟಿದ್ದನ್ನೆಲ್ಲ ಎಣಿಸೋಕೆ ಮುಂಚೆ ನಾನೇ ಎತ್ತಿಟ್ಟಿದೀನಿ. ಹದಿನಾಲ್ಕು ಅಂತ ಇದೆಯಲ್ಲ, ಅದು ನಾನು ನಾಲ್ಕು ಗಂಟೆ ಹೊತ್ತಿಗೆ ಟೀಗೆ ಹೋದಾಗ ಉಳಿದಿದ್ದಿರಬೇಕು. ನನಗೇನು ಮಾಡ್ತೀರೋ ಮಾಡಿ, ಆ ರೂಮಿಗೆ ಮಾತ್ರ ಇನ್ನೊಂದ್ಸಲ ಎಣಿಸಿ.”

ಮೇಡಂ ಕಂಪ್ಯೂಟರಿನಲ್ಲಿದ್ದ ಆ ಮೋಟು ಕಂಬವನ್ನು ನೋಡಿದರು. “ಇದನ್ನ ತೋರಿಸಿ ಒಂದು ರೂಮು ಮುಚ್ಚೋಕೆ ಹೊರಟಿದ್ದೆ ನಾನು. ಮೇಜು ಯಾಕೆ ಅಷ್ಟು ಖಾಲಿ ಅಂತ ಒಂದು ಸಲ ಹೋಗಿ ನೋಡಲಿಲ್ಲ” ಎಂದರು. ಅಕ್ಕ ನಿಂತೇ ಇದ್ದಳು. “ಕೂತ್ಕೊಳಿ ಅಕ್ಕ. ಅರ್ಜಿ ಗಿರ್ಜಿ ಯಾರೂ ತೆಗೆಯಲ್ಲ. ಇಲ್ಲಿ ನಿಮಗಿಂತ ಚೆನ್ನಾಗಿ ಪುಸ್ತಕ ಜೋಡಿಸೋರು ಯಾರಿದ್ದಾರೆ ಹೇಳಿ?” ಎಂದರು. ಆಗ ಸ್ಕೇಲಕ್ಕನ ಕಣ್ಣಲ್ಲಿ ನೀರು ಬಂತು. ನನಗಂತೂ ಅವಳಿಗಿಂತ ಮೊದಲೇ ಬಂದಿತ್ತು.

ಮಾರನೆಯ ದಿನ ಮೇಡಂ ಅವಳ ಜೊತೆ ಹಿಂದಿನ ಕೋಣೆಗೆ ಬಂದರು. “ಯಾವುದನ್ನ ಜನ ಮುಟ್ತಾರೆ, ಯಾವುದನ್ನ ಮುಟ್ಟಲ್ಲ, ನಿಮಗೆ ಗೊತ್ತಿರಬೇಕಲ್ಲ?” ಎಂದು ಕೇಳಿದರು. ಅಕ್ಕ ಸಾಲಿನುದ್ದಕ್ಕೂ ನಡೆಯುತ್ತ ತೋರಿಸಿದಳು. ಇದರ ಬೆನ್ನಿನ ತುದಿ ಹರಿದಿದೆ, ಬೆರಳು ಹಾಕಿ ಎಳೀತಾರೆ. ಇದರ ಹಾಳೆ ಅಂಚು ಮಧ್ಯದಲ್ಲಿ ಮಾತ್ರ ಕಪ್ಪಗಿದೆ, ಅಷ್ಟೇ ಪುಟ ಬೇಕು ಅವರಿಗೆ. ಆರೋಗ್ಯದ ಸಾಲಿನ ಮುಂದೆ ನಿಂತು, “ಇವನ್ನ ಜನ ಕೂತ್ಕೊಂಡು ಓದಲ್ಲ ಮೇಡಂ. ನಿಂತೇ ನೋಡ್ತಾರೆ. ಪಕ್ಕದಲ್ಲಿ ಯಾರಾದ್ರೂ ಬಂದ್ರೆ ಮುಚ್ಚಿಬಿಡ್ತಾರೆ. ಮನೆಗಂತೂ ಒಯ್ಯಲ್ಲ” ಎಂದಳು. ಮೇಡಂ ಬರೆದುಕೊಂಡರು. ನಿಘಂಟುಗಳ ಗೋಡೆ ಬಂದಾಗ ಅವಳು ಅದನ್ನು ಉಳಿಸಿಕೊಳ್ಳಲು ಅಂಗಲಾಚುತ್ತಾಳೆ ಎಂದುಕೊಂಡಿದ್ದೆ. “ಇವೆಲ್ಲ ತೆಗೀರಿ. ಇಪ್ಪತ್ತು ವರ್ಷದಿಂದ ಧೂಳು ಹೊಡೆದು ಸಾಕಾಗಿದೆ. ಒಬ್ಬ ಮನುಷ್ಯ ಮುಟ್ಟಿಲ್ಲ” ಎಂದುಬಿಟ್ಟಳು!

ಎಣಿಕೆ ಮತ್ತೆ ಶುರುವಾಯಿತು. ಮೇಜಿನ ಮೇಲೆ ಪುಸ್ತಕ ಹರಡಿ ಬಿದ್ದಿದ್ದರೆ ಸ್ಕೇಲಕ್ಕ ಪಡುತ್ತಿದ್ದ ಪಾಡು ನೋಡಬೇಕಿತ್ತು. ಕೈ ತಾನಾಗಿಯೇ ಚಾಚುತ್ತಿತ್ತು, ಹಿಂದೆ ಎಳೆದುಕೊಳ್ಳುತ್ತಿದ್ದಳು. ಕೊನೆಗೆ ಎರಡೂ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕಿಟಕಿಯ ಹತ್ತಿರ ನಿಲ್ಲುತ್ತಿದ್ದಳು. “ನಾಲ್ಕು ಆಯ್ತೇನೇ?” ಎಂದು ಮೂರು ಗಂಟೆಯಿಂದಲೇ ಕೇಳುತ್ತಿದ್ದಳು. ಆರು ವಾರ ಮುಗಿಯುವ ಮೊದಲೇ ಆ ಕೋಣೆಯ ಲೆಕ್ಕ ಐನೂರು ದಾಟಿತು. ಮುಚ್ಚುವ ನೋಟೀಸನ್ನು ಮೇಡಂ ತಮ್ಮ ಕೈಯಾರೆ ಕಿತ್ತರು. ನಿಘಂಟುಗಳಿದ್ದ ಗೋಡೆಗೆ ಇನ್ನೊಂದು ಮೇಜು ಬಂತು. ಓದುವವರಿಗೆ ಕಾಗದ ಕೇಳದೆ ಕಾರ್ಡ್ ಕೊಡುವುದು ಹೇಗೆ ಎಂದು ಅವರು ಈಗ ಮೇಲಿನವರಿಗೆ ಬರೆಯುತ್ತಿದ್ದಾರೆ, ರಿಪೇರಿಯವನ ಸಲುವಾಗಿ.

ಇದರ ನಡುವೆ ಅಕ್ಕನ ಮನೆಯಲ್ಲಿ ಇನ್ನೊಂದು ನಡೆದಿತ್ತು. ಮೇಡಂ ಮುಂದೆ ಹೇಳಿದ ದಿನವೇ ಮನೆಗೆ ಹೋಗಿ ಎಲ್ಲವನ್ನೂ ಭಾವನಿಗೆ ಹೇಳಿದ್ದಳು. ಭಾವ ಬೈದರಂತೆ, ಒಂದು ವರ್ಷದ ಕಾಗದಗಳನ್ನು ತಮ್ಮಿಂದ ಮುಚ್ಚಿಟ್ಟದ್ದಕ್ಕೆ. ಆಮೇಲೆ, “ನಿಂಗೆ ಕಾಣತ್ತೆ, ನಂಗೆ ಸೇರಿಸೋಕೆ ಬರತ್ತೆ. ಅಕ್ಷರ ಹೇಳು, ನಾನು ಕೂಡಿಸ್ತೀನಿ” ಎಂದರಂತೆ. ಅವಳು ಒಂದೊಂದೇ ಅಕ್ಷರ ಹೇಳುವುದು, ಅವರು ಕಣ್ಣು ಮುಚ್ಚಿಕೊಂಡು ಕೂಡಿಸುವುದು. ಓದಲು ಮನೆಯಲ್ಲಿದ್ದದ್ದು ಬ್ಯಾಗಿನಲ್ಲಿದ್ದ ಸುತ್ತೋಲೆಗಳು ಮಾತ್ರ. ರಜೆ ಅರ್ಜಿ ಸಲ್ಲಿಸುವ ಕ್ರಮ, ಸೈಕಲ್ ನಿಲ್ಲಿಸುವ ಜಾಗ, ನೀರಿನ ಫಿಲ್ಟರ್ ಬಳಸುವ ವಿಧಾನ. “ನಿಮ್ಮ ಆಫೀಸಲ್ಲಿ ಇಷ್ಟು ಬೇಜಾರಿನ ಕಾಗದ ಯಾರು ಬರೀತಾರೆ?” ಎಂದು ಭಾವ ಕೇಳಿದರಂತೆ. ನಾನೇ ಬರೆಯುವವಳು! ಬರಬರುತ್ತ, ಅವರು ಕೂಡಿಸುವ ಮೊದಲೇ ಮಾತು ಅವಳ ಬಾಯಿಗೆ ಬರತೊಡಗಿತು.

ಕೊನೆಯ ಎರಡು ವಾರ ನನ್ನ ಹಾಳೆಯಲ್ಲಿ ಒಂದು ವಿಚಿತ್ರ ಕಂಡಿತು. ಆರೋಗ್ಯದ ಸಾಲಿನ ಒಂದು ಪುಸ್ತಕ, 617.7, ದಿನವೂ ನಾಲ್ಕಕ್ಕೆ ಕಿಟಕಿ ಪಕ್ಕದ ಅದೇ ಜಾಗದಲ್ಲಿ ಬಿದ್ದಿರುತ್ತಿತ್ತು. ಒಂಬತ್ತು ದಿನಕ್ಕೆ ಒಂಬತ್ತು ಗೀಟು. ಇಷ್ಟೊಂದು ಬೇಕಾದವರು ಯಾರಪ್ಪ, ಮನೆಗೆ ಒಯ್ಯಬಾರದೇ ಎಂದು ಹತ್ತನೆಯ ದಿನ ಸ್ವಲ್ಪ ಮೊದಲೇ ಹೋದೆ.

ಸ್ಕೇಲಕ್ಕ ಕೂತಿದ್ದಳು. ಹತ್ತೊಂಬತ್ತು ವರ್ಷದಲ್ಲಿ ಅವಳು ಆ ಮೇಜಿನ ಮುಂದೆ ಪುಸ್ತಕ ತೆರೆದು ಕೂತದ್ದನ್ನು ನಾನು ಮೊದಲು ನೋಡಿದ್ದು ಆಗಲೇ. ಬೆರಳು ಸಾಲಿನ ಮೇಲೆ ನಿಧಾನ ಸರಿಯುತ್ತಿತ್ತು. ಕಣ್ಣಿನ ಕಾಯಿಲೆಗಳ ಬಗ್ಗೆ ಸಾಮಾನ್ಯ ಜನರಿಗಾಗಿ ಬರೆದ ಪುಸ್ತಕ ಅದು.

“ಇಲ್ಲಿ ಬರ್ದಿದ್ದಾರೆ ಕಣೇ” ಎಂದಳು, ತಲೆ ಎತ್ತದೆ. “ದೀ-ಪ-ದ ಸುತ್ತ ಬಣ್ಣದ ಬಳೆ ಕಾಣಬಹುದು. ಪಕ್ಕದ ವಸ್ತು ಕಾಣದೆ ಬಾಗಿಲಿಗೆ ತಾಗಬಹುದು. ಬೇಗ ತೋರಿಸಿದರೆ... ಉ-ಳಿ-ದ ದೃಷ್ಟಿ ಉಳಿಸಬಹುದು.” ಅವಳ ಬೆರಳು ಅಲ್ಲಿಯೇ ನಿಂತಿತು. “ನಾವು ನಕ್ಕಿದ್ವಲ್ಲ.”

ನಕ್ಕದ್ದು ನಿಜ. ಹಾಳು ಬಾಯಿ ನನ್ನದು, ಹೆಚ್ಚು ನಕ್ಕವಳೂ ನಾನೇ.

“ಎಷ್ಟೋ ಸಲ ಧೂಳು ಒರೆಸಿದ್ದೀನಿ ಇದಕ್ಕೆ. ಇದರ ಜಾಗ ನಿದ್ದೆಗಣ್ಣಲ್ಲೂ ಹೇಳ್ತೀನಿ” ಎಂದಳು.

“ಮನೆಗೆ ತಗೊಂಡು ಹೋಗಕ್ಕಾ. ನಿನ್ನ ಹೆಸರಲ್ಲಿ ಈಗ್ಲೇ ಕಾರ್ಡ್ ಮಾಡ್ತೀನಿ” ಎಂದೆ. ನನಗೆ ತೋಚಿದ್ದು ಅಷ್ಟೇ.

“ಮನೇಲಿ ನಾನು ಅಕ್ಷರ ಹೇಳ್ತೀನಿ, ಅವರು ಕೂಡಿಸ್ತಾರೆ” ಎಂದಳು. “ಇದನ್ನ ಅವರ ಕೈಲಿ ಹೇಗೆ ಕೂಡಿಸಲಿ?”

ಬೇಕಾದವರು ಮನೆಗೆ ಒಯ್ಯುತ್ತಾರೆ ಎಂದು ಅಷ್ಟು ಗತ್ತಿನಿಂದ ಹೇಳಿದ್ದೆನಲ್ಲ. ಅವಳ ಪಕ್ಕದ ಕುರ್ಚಿಯಲ್ಲಿ ಕೂತೆ. ಆಚೆ ಮೇಜಿನಲ್ಲಿ, ಅವತ್ತು ತಡವಾಗಿ ಬಂದಿದ್ದ ರಿಪೇರಿಯವನು ಚಿತ್ರ ಬರೆದುಕೊಳ್ಳುತ್ತಿದ್ದ, ಅವನ ಪೆನ್ಸಿಲಿನ ಸದ್ದು ಕೇಳುತ್ತಿತ್ತು.

ಗೋಡೆ ಗಡಿಯಾರ ನಾಲ್ಕು ಹೊಡೆಯಿತು. ಅಕ್ಕ ಪುಸ್ತಕ ಮುಚ್ಚಿ, ಸೆರಗಿನ ತುದಿಯಿಂದ ಒಮ್ಮೆ ಒರೆಸಿ, ಅಭ್ಯಾಸದಂತೆ ಎತ್ತಿಕೊಂಡು ಎದ್ದಳು. ಎರಡು ಹೆಜ್ಜೆ ಹೋದವಳು ನಿಂತಳು, ತಿರುಗಿ ಬಂದು ಅದನ್ನು ಮೇಜಿನ ಮೇಲೆಯೇ ಇಟ್ಟಳು.

“ಬರ್ಕೊ” ಎಂದಳು.

ನಾನು ಹಾಳೆ ತೆಗೆದು 617.7ರ ಮುಂದೆ ಹತ್ತನೆಯ ಗೀಟು ಎಳೆದೆ. ಗೀಟು ಸೊಟ್ಟಗಾಯಿತು. ಸ್ಕೇಲಕ್ಕ ಅದನ್ನು ನೋಡಿದಳು, ನೆಟ್ಟಗೆ ಮಾಡಿಸದೆ ಹಾಗೇ ಬಿಟ್ಟಳು.